ಹೊಟ್ಟೆ ಕಿಟಕಿಗೆ ಒಳಬಾಗಿಲು

ಏನು ಕೆಲಸ ಮಾಡುತ್ತಿದ್ದೆ ಎಂದು ಹಿಂದೂಪುರದಲ್ಲಿ ಯಾರಾದರೂ ಕೇಳಿದರೆ, ಮನೆಗಳಿಗೆ ಶಟರ್ ಹಾಕಿಸುತ್ತಿದ್ದೆ ಎನ್ನುತ್ತೇನೆ. ಕೇಳಿದವರು ಕೂಡಲೇ, “ಅಂಗಡೀಗೆ ಅನ್ನು ಅಕ್ಕಾ” ಎಂದು ತಿದ್ದುತ್ತಾರೆ. ನಮ್ಮೂರಿನಲ್ಲಿ ಶಟರ್ ಎಂದರೆ ಹುಣಸೆಹಣ್ಣಿನ ಮಂಡಿಯವರು ಬೆಳಿಗ್ಗೆ ಗರಗರನೆ ಮೇಲಕ್ಕೆತ್ತಿ, ಸಂಜೆ ಕಾಲಲ್ಲಿ ಒತ್ತಿ ಕೆಳಗಿಳಿಸುವ ತಗಡು. ಹಾಗಾಗಿ ನನ್ನ ನೆಂಟರಲ್ಲಿ ಅರ್ಧ ಜನ, ಜಯಮ್ಮ ಇಷ್ಟು ವರ್ಷವೂ ಯಾವುದೋ ತಗಡಿನ ಅಂಗಡಿಯಲ್ಲಿ ಗ್ರೀಸು ಹಚ್ಚುತ್ತಿದ್ದಳು ಎಂದುಕೊಂಡಿದ್ದಾರೆ. ತಿದ್ದಿ ತಿದ್ದಿ ಸಾಕಾಗಿ ಸುಮ್ಮನಾಗಿದ್ದೇನೆ.

ನಾವು ಹಾಕಿಸುತ್ತಿದ್ದದ್ದು ಕಿಟಕಿಯ ಗಾಜಿನ ಒಳಮಗ್ಗುಲಿಗೆ ಕೂರುವ ಮರದ ಬಾಗಿಲು. ಎರಡು ತೆಳು ಹಲಗೆಗಳ ನಡುವೆ ಬಿಸಿ ತಡೆಯುವ ಹಾಳೆ, ಅಂಚಿಗೆಲ್ಲ ರಬ್ಬರು. ಮುಚ್ಚಿದರೆ ಹೊರಗಿನ ಝಳ ಒಳಗೆ ಬರಬಾರದು, ಒಳಗಿನ ತಂಪು ಹೊರಗೆ ಹೋಗಬಾರದು. ನಮ್ಮ ಕಡೆಯ ಬೇಸಿಗೆಗೆ ಇಂಥದ್ದು ಬೇಕೇ ಬೇಕು. ಆದರೆ ಅದರ ಹೆಸರನ್ನು ಗಿರಾಕಿಗೆ ಅರ್ಥವಾಗುವಂತೆ ಹೇಳುವುದರಲ್ಲೇ ನನ್ನ ಅರ್ಧ ಆಯುಸ್ಸು ಕಳೆಯಿತು. ಅಂಗಡಿಯ ಯಜಮಾನರು ಬೋರ್ಡಿನ ಮೇಲೆ ‘ಇನ್ಸುಲೇಟೆಡ್ ಶಟರ್’ ಎಂದು ದೊಡ್ಡದಾಗಿ ಬರೆಸಿದ ದಿನವೇ ಒಬ್ಬ ವಯಸ್ಸಾದವರು ಸೀದಾ ಒಳಗೆ ಬಂದರು.

“ಇನ್ಸುಲಿನ್ನು ಫ್ರಿಜ್ಜಿನಾಗೆ ಇಟ್ಟಿದ್ದೀಯೇನಮ್ಮ? ಹೊರ್ಗೆ ಇಕ್ಕಿದ್ರೆ ಕೆಟ್ಟೋಯ್ತದೆ” ಎಂದರು.

ಅವರನ್ನು ಕೂರಿಸಿ, ನೀರು ಕೊಟ್ಟು, ಹಲಗೆ ತೋರಿಸಿ, ರಬ್ಬರು ಮುಟ್ಟಿಸಿ, ಬಿಸಿಲಿನ ವಿಷಯವೆಲ್ಲ ವಿವರಿಸಿದೆ. ಪೂರ್ತಿ ಕೇಳಿಸಿಕೊಂಡು, “ಅಂಗಾರೆ ಸಕ್ಕರೆ ಕಾಯ್ಲೆಗೆ ಏನೂ ಇಲ್ಲ ಅನ್ನು” ಎಂದು ಬೇಸರದಿಂದ ಎದ್ದು ಹೋದರು.

ಈಗ ನಮ್ಮ ಅಂಗಡಿಗೆ ಹೊಸದಾಗಿ ಹುಡುಗಿಯರು ಕೆಲಸಕ್ಕೆ ಸೇರುತ್ತಿದ್ದಾರಂತೆ. ನನಗೆ ಸಿಕ್ಕ ಬಡ್ತಿಗಳ ಕತೆ ಅವರಿಗೆ ಬೇಡ. ಅಸಲಿಗೆ ಬಡ್ತಿ ಎಂದು ಸಿಕ್ಕಿದ್ದು ಬಾಗಿಲ ಪಕ್ಕದ ಕುರ್ಚಿಯಿಂದ ಫ್ಯಾನಿನ ಕೆಳಗಿನ ಕುರ್ಚಿಗೆ, ಅಷ್ಟೆ. ಕೆಲಸ ಹೇಗಿತ್ತು ಎನ್ನುವುದನ್ನಷ್ಟೇ ಹೇಳುತ್ತೇನೆ.

ನಾನು ಸೇರಿದಾಗ ಅದು ಪರದೆ ಹೊಲಿಯುವ ಅಂಗಡಿ. ಯಜಮಾನರಾದ ರುದ್ರಪ್ಪನವರು ಬಟ್ಟೆ ವ್ಯಾಪಾರ ಮಾಡಿಕೊಂಡಿದ್ದವರು. ಬೆಂಗಳೂರಿನಲ್ಲಿ ಯಾರದೋ ಗೃಹಪ್ರವೇಶಕ್ಕೆ ಹೋಗಿ ಬಂದು, “ಪರದೆ ಕಾಲ ಮುಗೀತು ಕಣಮ್ಮ, ಇನ್ನೇನಿದ್ರೂ ಒಳಬಾಗ್ಲು” ಎಂದು ಘೋಷಿಸಿಬಿಟ್ಟರು. ಒಳ್ಳೆಯ ಮನುಷ್ಯ, ಕೈಬಿಚ್ಚಿ ಕಾಫಿ ತರಿಸುವವರು. ಒಂದೇ ತೊಂದರೆ, ಅವರ ಎಡಗಿವಿ ಮಂದ. ಅದು ಯಾರಿಗೂ ಗೊತ್ತಾಗಬಾರದೆಂದು ಫೋನನ್ನು ಯಾವಾಗಲೂ ಎಡಗಿವಿಗೇ ಇಡುತ್ತಿದ್ದರು. ಕೇಳಿಸದ ಮಾತನ್ನು ಮತ್ತೆ ಕೇಳಿ ತಿಳಿದುಕೊಳ್ಳುವುದು ಯಜಮಾನಿಕೆಗೆ ಕುಂದು ಎಂಬುದು ಅವರ ನಂಬಿಕೆ.

ಒಮ್ಮೆ ಊರಿನ ಒಬ್ಬ ಕಾಲೇಜು ಮೇಷ್ಟ್ರು ಫೋನು ಮಾಡಿ, ತಮ್ಮ ಮನೆಯ ಬೇ ವಿಂಡೋಗೆ ಒಳಬಾಗಿಲು ಬೇಕು ಎಂದರು. ಬೇ ವಿಂಡೋ ಎಂದರೆ ಗೋಡೆಯಿಂದ ಹೊರಕ್ಕೆ ಉಬ್ಬಿಕೊಂಡು, ಮೂರು ಮುಖಕ್ಕೂ ಗಾಜಿರುವ ಕಿಟಕಿ. ಮನೆಗೆ ಹೊಟ್ಟೆ ಬಂದ ಹಾಗೆ ಕಾಣುತ್ತದೆ. ನಾನು ಅದನ್ನು ಹೊಟ್ಟೆ ಕಿಟಕಿ ಎಂದೇ ಕರೆಯುತ್ತಿದ್ದೆ, ಊರಿನವರೂ ಹಾಗೇ ಕರೆಯಲು ಶುರು ಮಾಡಿದರು. ಆದರೆ ಇದು ಅದಕ್ಕೂ ಮುಂಚಿನ ಮಾತು. ಯಜಮಾನರ ಎಡಗಿವಿಗೆ ಬೇ ವಿಂಡೋ ಎನ್ನುವುದು ‘ಬೇವಿನ ಡೋರು’ ಎಂದು ಬಿತ್ತು. ನಮ್ಮ ಬಡಗಿ ಬ್ರಹ್ಮಯ್ಯಾಚಾರಿಯನ್ನು ಕರೆದು ಬೇವಿನ ಮರ ಹುಡುಕಲು ಹೇಳಿದರು.

ಬ್ರಹ್ಮಯ್ಯಾಚಾರಿ ಸೋಮಂದೇಪಲ್ಲಿ ಕಡೆಯವನು, ಮನೆಮಾತು ತೆಲುಗು. ಕೈ ಚಿನ್ನದಂಥದ್ದು, ಹೇಳಿದ್ದನ್ನು ಹೇಳಿದ ಹಾಗೆ ಮಾಡುತ್ತಾನೆ. ಯಾಕೆ ಎಂದು ಕೇಳುವ ಅಭ್ಯಾಸ ಮಾತ್ರ ಇಲ್ಲ. ಹಳ್ಳಿ ಹಳ್ಳಿ ತಿರುಗಿ ಒಣಗಿದ ಬೇವಿನ ದಿಮ್ಮಿ ತಂದು, ಸೊಗಸಾದ ಬಾಗಿಲು ಮಾಡಿದ. ಅದನ್ನು ಹೊತ್ತುಕೊಂಡು ಹೋದಾಗ ಮೇಷ್ಟ್ರು ತಮ್ಮ ಕಿಟಕಿಯನ್ನೂ ಬಾಗಿಲನ್ನೂ ಒಂದರ ನಂತರ ಒಂದು ನೋಡಿದರು. ಯಜಮಾನರು ಸ್ವಲ್ಪವೂ ಅಳುಕದೆ, “ಬೇವು ಸಾರ್, ಸೊಳ್ಳೆ ಹತ್ರಕ್ಕೆ ಬರಲ್ಲ” ಎಂದರು. ಆ ಬಾಗಿಲು ಇವತ್ತಿಗೂ ಮೇಷ್ಟ್ರ ಬಚ್ಚಲುಮನೆಗೆ ಇದೆ. ಗಟ್ಟಿಮುಟ್ಟಾಗಿದೆ. ಸೊಳ್ಳೆಯೂ ಇದೆ.

ಕೆಲಸದ ರೀತಿಯೂ ಬದಲಾಗುತ್ತಾ ಬಂತು. ಮೊದಮೊದಲು ಹಲಗೆಗಳ ನಡುವೆ ಥರ್ಮಾಕೋಲ್ ತುಂಬುತ್ತಿದ್ದೆವು. ಇರುವೆಗಳಿಗೆ ಅದು ಎಷ್ಟು ಒಪ್ಪಿತೆಂದರೆ ಕೆಲವು ಮನೆಗಳಲ್ಲಿ ಬಾಗಿಲು ತಟ್ಟಿದರೆ ಬಿಳಿ ಪುಡಿ ಉದುರುತ್ತಿತ್ತು, ಹಿಂದೆಯೇ ಇರುವೆಗಳ ಸಾಲು. ಆಮೇಲೆ ಇರುವೆ ಮುಟ್ಟದ ಫೋಮ್ ಹಾಳೆ ಬಂತು. ಗಾಜಿಗೆ ತೀರಾ ಒತ್ತಿಕೊಂಡು ಬಾಗಿಲು ಕೂರಿಸಿದರೆ ಬಿಸಿ ನಡುವೆ ಸಿಕ್ಕಿಕೊಂಡು ಗಾಜು ಸೀಳುತ್ತದೆ ಎನ್ನುವುದನ್ನೂ ಸೀಳಿದ ಮೇಲೆಯೇ ಕಲಿತೆವು. ಗಾಜಿನ ಕಡೆಯ ಮೈಗೆ ಬಿಳಿ ಬಣ್ಣವೇ ಇರಲಿ ಎನ್ನುವುದನ್ನೂ ಅಷ್ಟೆ. ಯಾರೋ ಒಬ್ಬರು ಚೆಂದಕ್ಕೆಂದು ಕಪ್ಪು ಹೊಡೆಸಿದ್ದರು, ಬೇಸಿಗೆಯಲ್ಲಿ ಆ ಬಾಗಿಲಿನ ಮೇಲೆ ಹಪ್ಪಳ ಸುಡಬಹುದಿತ್ತು.

ಕೊನೆಕೊನೆಗೆ ಯಜಮಾನರು ಕೆಂಪು ಬೆಳಕು ಬಿಟ್ಟು ಅಳತೆ ಹೇಳುವ ಯಂತ್ರ ತಂದರು. ಮೊದಲನೇ ಮನೆಯಲ್ಲೇ ಆ ಮನೆಯವರ ಬೆಕ್ಕು ಆ ಕೆಂಪು ಚುಕ್ಕೆಯ ಹಿಂದೆ ಬಿದ್ದು, ಹೂಜಿ ಉರುಳಿಸಿ, ಪರದೆ ಹಿಡಿದು ಮೇಲಕ್ಕೆ ಹತ್ತಿತು. ನಾನು ಆವತ್ತೇ ಹಳೇ ಟೇಪಿಗೆ ವಾಪಸು ಬಂದೆ. ಹೊಟ್ಟೆ ಕಿಟಕಿಗಂತೂ ಯಾವ ಯಂತ್ರವೂ ಸಾಲದು, ಯಾಕೆಂದರೆ ನಮ್ಮ ಕಡೆ ಯಾವ ಮೇಸ್ತ್ರಿಯೂ ಎರಡು ಮೂಲೆಯನ್ನು ಒಂದೇ ಸಮ ಕಟ್ಟಿದ್ದನ್ನು ನಾನು ನೋಡಿಲ್ಲ. ರಟ್ಟು ಕತ್ತರಿಸಿ ಮೂಲೆಗೆ ಇಟ್ಟು, ಅದು ಸರಿಯಾಗಿ ಕೂರುವ ತನಕ ಅಂಚು ಸವರಿ, ಆ ರಟ್ಟನ್ನೇ ಬಡಗಿಗೆ ಕೊಡಬೇಕು. ಪಕ್ಕದ ಬಾಗಿಲು ತೆಗೆದರೆ ಮುಂದಿನ ಬಾಗಿಲಿನ ಹಿಡಿಗೆ ತಗಲುತ್ತದೆಯೇ ಎಂದು ಬರಿಗೈಯಲ್ಲಿ ಆಡಿಸಿ ನೋಡಬೇಕು. ನಾನು ಕಿಟಕಿ ಮುಂದೆ ನಿಂತು ಗಾಳಿಯಲ್ಲಿ ಕೈಬೀಸುವುದನ್ನು ಕಂಡು, ಜಯಮ್ಮನಿಗೆ ಮೈಮೇಲೆ ದೇವರು ಬರುತ್ತದೆ ಎಂದು ನಂಬಿದ ಮನೆಗಳೂ ಇವೆ.

ಇಷ್ಟೆಲ್ಲ ಕಲಿತರೂ ಮುಖ್ಯವಾದದ್ದು ಬೇರೆ. ಆ ಕಿಟಕಿಯ ಹತ್ತಿರ ದಿನವೂ ಕೂರುವವರು ಯಾರು ಎಂದು ಮೊದಲು ಕೇಳಬೇಕು. ಅದನ್ನು ನಾನು ಚೆನ್ನಾಗಿ ತಿಳಿದುಕೊಂಡದ್ದು ಕಲ್ಯಾಣದುರ್ಗದಲ್ಲಿ.

ಅಲ್ಲಿ ಕಡಲೆಕಾಯಿ ವ್ಯಾಪಾರಿ ಶಿವಶಂಕರಪ್ಪನವರು ಹೊಸ ಮನೆ ಕಟ್ಟಿಸಿದ್ದರು. ಫೋನಿನಲ್ಲಿ ಯಾವುದೋ ವಿಡಿಯೋ ನೋಡಿ, ನಡುಮನೆಯ ಮುಂದಕ್ಕೆ ಊರಿನಲ್ಲೇ ಇಲ್ಲದಂಥ ಹೊಟ್ಟೆ ಕಿಟಕಿ ಇಡಿಸಿದ್ದರು. ಎದುರು ಮುಖ ತೆಂಕಲಿಗೆ, ರಸ್ತೆಯ ಕಡೆಗೆ. ಒಂದು ಮಗ್ಗುಲು ಮೂಡಲಿಗೆ, ಇನ್ನೊಂದು ಪಡುವಲಿಗೆ. ವಿಡಿಯೋದಲ್ಲಿ ಹೊರಗೆ ಹಿಮ ಬೀಳುತ್ತಿತ್ತಂತೆ. ಕಲ್ಯಾಣದುರ್ಗದಲ್ಲಿ ಹಿಮ ಎಲ್ಲಿಂದ ಬರಬೇಕು? ಮಧ್ಯಾಹ್ನವಾದರೆ ಪಡುವಲ ಬಿಸಿಲೂ ಸಿಮೆಂಟು ರಸ್ತೆಯ ಝಳವೂ ಸೇರಿ ನಡುಮನೆ ಕಡಲೆಕಾಯಿ ಹುರಿಯುವ ಬಾಣಲೆಯಾಗುತ್ತಿತ್ತು. ಏಸಿ ಹಾಕಿಸಿದರು. ಅದು ರೊಯ್ಯೆಂದು ಅರಚಿತೇ ಹೊರತು ಮನೆ ತಂಪಾಗಲಿಲ್ಲ. ಆಗ ನಮ್ಮನ್ನು ಕರೆಸಿದರು.

ನಾನು ಅಳತೆಗೆ ಹೋದಾಗ ಅವರು ಸೋಫಾದ ಮೇಲೆ ಕೂತು, “ಮೂರು ಕಡೀಕೂ ಇಕ್ಕುಸಮ್ಮ. ಗವಿ ಇದ್ದಂಗೆ ಇರಬೇಕು. ಉಂಡ್ಕಂಡು ಒಂದು ಗಳಿಗೆ ಮಲೀಕಂಡ್ರೆ ಯಾರ ಕಾಟವೂ ಇರಬಾರ್ದು” ಎಂದರು. ಕೊನೆಯ ಮಾತು ಆಮೇಲೆ ನಮ್ಮ ಯಜಮಾನರಿಗೆ ಫೋನಿನಲ್ಲಿ ಹೇಳುತ್ತೇನೆಂದು ಮಂಡಿಗೆ ಹೋದರು.

ಕಿಟಕಿಯ ಹೊಟ್ಟೆಯೊಳಗೆ ಒಂದು ಹೊಲಿಗೆ ಮಿಷನ್ನು ಇತ್ತು. ಅವರ ಹೆಂಡತಿ ಗಿರಿಜಮ್ಮ ಅದರ ಮುಂದೆ ಕೂತು ರವಿಕೆಗೆ ಅಂಚು ಹೊಲಿಯುತ್ತಿದ್ದರು. ಆ ಬೀದಿಯ ಹೆಣ್ಣುಮಕ್ಕಳೆಲ್ಲ ಅವರ ಕೈಯಲ್ಲೇ ಹೊಲಿಸುತ್ತಿದ್ದರು. ಕಿಟಕಿಯಲ್ಲೇ ಬಟ್ಟೆ ಕೊಡುವುದು, ಕಿಟಕಿಯಲ್ಲೇ ಅಳತೆಯ ಜಗಳ, ಕಿಟಕಿಯಲ್ಲೇ ಊರ ಸುದ್ದಿ. ಗಂಡ ಆಚೆ ಹೋದ ಮೇಲೆ ಅವರು ಮಿಷನ್ನು ನಿಲ್ಲಿಸಿದರು.

“ಅಕ್ಕಾ, ಮೂರೂ ಮುಚ್ಚಿದ್ರೆ ನನ್ನ ಮಿಷನ್ನು ಹಿಂದ್ಗಡೆ ಗೋಡೌನಿಗೆ ಹೋಯ್ತದೆ. ಆಗ್ಲೇ ಹೇಳ್ಬುಟ್ಟವ್ರೆ. ಅಲ್ಲಿ ಕಾಯಿ ಮೂಟೆ ಬುಟ್ರೆ ಒಂದು ತೂತೂ ಇಲ್ಲ. ಕೆಂಪು ದಾರ ಯಾವ್ದು, ಮೆರೂನ್ ದಾರ ಯಾವ್ದು ಅಂತ ಲೈಟಿನಾಗೆ ಗೊತ್ತಾಗಾಕಿಲ್ಲ. ಮೂಡ್ಲು ಒಂದು ಬುಟ್ಬುಡ್ರಿ, ನನಗೆ ಅಷ್ಟೇ ಸಾಕು” ಎಂದರು.

“ನಿಮ್ಮ ಯಜಮಾನ್ರಿಗೆ ನೀವೇ ಹೇಳಬಾರ್ದೇನಮ್ಮ?”

“ಅವ್ರು ಹೇಳಾಕೆ ಹುಟ್ಟಿರೋರು, ಕೇಳಾಕಲ್ಲ” ಎಂದು ಸೂಜಿಗೆ ದಾರ ಪೋಣಿಸಿದರು.

ನಾನೂ ಪರದೆ ಹೊಲಿದು ಬಂದವಳು, ಬೆಳಕಿಲ್ಲದ ಮೂಲೆಯಲ್ಲಿ ಹೊಲಿಯುವುದು ಏನೆಂದು ಗೊತ್ತು. ಪಡುವಲು ಪೂರ್ತಿ ಮುಚ್ಚಿ, ತೆಂಕಲಿಗೆ ಮೇಲೆ ಕೆಳಗೆ ಬೇರೆ ಬೇರೆ ತೆರೆಯುವ ಬಾಗಿಲಿಟ್ಟು, ಮೂಡಲನ್ನು ಹಾಗೇ ಬಿಟ್ಟರೆ ಗಂಡನಿಗೆ ತಂಪೂ ಹೆಂಡತಿಗೆ ಬೆಳಕೂ ಸಿಗುತ್ತದೆ ಎಂದು ಯಜಮಾನರಿಗೆ ವಿವರವಾಗಿ ಹೇಳಿದೆ. ಗಿರಾಕಿ ಫೋನು ಮಾಡಿದಾಗ ಹೀಗೆ ಹೇಳಿ ಒಪ್ಪಿಸಿ ಎಂದೆ. “ಆಯ್ತು ಬುಡಮ್ಮ” ಎಂದರು. ಆಮೇಲೆ ಅಕ್ಕನ ಮನೆಯಲ್ಲಿ ನಾಮಕರಣವಿದ್ದು ನಾನು ರಜೆ ಹಾಕಿದೆ.

ವಾಪಸು ಬಂದಾಗ ಅಂಗಡಿಯಲ್ಲಿ ಒಂದೇ ಜೊತೆ ಬಾಗಿಲು ಸಿದ್ಧವಾಗಿ ನಿಂತಿತ್ತು. ಬ್ರಹ್ಮಯ್ಯಾಚಾರಿ ಪಾಲಿಷ್ ಒರೆಸುತ್ತಿದ್ದ.

“ಇದು ಯಾವ ಕಡೇದು?” ಎಂದೆ.

“ಮೂಡ್ಲುದು” ಎಂದರು ಯಜಮಾನರು ಒಳಗಿನಿಂದ. “ಗಿರಾಕಿ ಫೋನ್ ಮಾಡಿದ್ದ. ನೀನು ಹೇಳಿದ್ದನ್ನ ಹೇಳಾಕೆ ಬಾಯಿ ತೆಗೆಯಾಕೂ ಬುಡ್ಲಿಲ್ಲ. ಮೂಡು ಮುಚ್ಚಬೇಕು, ಮೂಡು ಮುಚ್ಚಬೇಕು ಅಂತ ಒಂದೇ ಹಟ. ಬೆಳಗಿನ ಬಿಸ್ಲು ಆಗಾಕಿಲ್ಲವೇನೋ.”

ನನ್ನ ಪಿತ್ತ ನೆತ್ತಿಗೇರಿತು. ಹೆಂಡತಿ ನನ್ನ ಹತ್ತಿರ ಮಾತಾಡಿದ್ದು ಹೇಗೋ ಆ ಮನುಷ್ಯನಿಗೆ ಗೊತ್ತಾಗಿದೆ, ಅವಳು ಬೇಡಿಕೊಂಡ ಒಂದೇ ಒಂದು ಕಡೆಯನ್ನು ಬೇಕೆಂದೇ ಮುಚ್ಚಿಸುತ್ತಿದ್ದಾನೆ ಎಂದುಕೊಂಡೆ. ಕಲ್ಯಾಣದುರ್ಗದವರೆಗೂ ಲಗೇಜು ವ್ಯಾನಿನಲ್ಲಿ ಅವನನ್ನು ಬೈದುಕೊಂಡೇ ಹೋದೆ. ಬ್ರಹ್ಮಯ್ಯಾಚಾರಿ ಎಲ್ಲದಕ್ಕೂ “ಔನಕ್ಕಾ” ಎಂದು ನಿದ್ದೆ ಮಾಡಿದ.

ಗಿರಿಜಮ್ಮ ನಮ್ಮ ಕೈಯಲ್ಲಿ ಒಂದೇ ಜೊತೆ ನೋಡಿ ಮುಖ ಅರಳಿಸಿಕೊಂಡು, “ಒಂದೇ ಕಡೀಕಾ? ಯಾವ ಕಡೀಕಕ್ಕಾ?” ಎಂದರು. ನಾನು ಬಾಗಿಲಿನ ರಬ್ಬರು ಸರಿಮಾಡತೊಡಗಿದೆ. ಬ್ರಹ್ಮಯ್ಯಾಚಾರಿಯೇ ಮೂಡಲ ಮಗ್ಗುಲಿಗೆ ಹೋಗಿ ಬಾಗಿಲನ್ನು ಒರಗಿಸಿದ. ಅವರ ಮುಖ ಸಪ್ಪಗಾಯಿತು. ಹೊಲಿಗೆ ಮಿಷನ್ನಿನ ಮೇಲೆ ಮುಸುಕು ಎಳೆದು, ದಾರದ ಉಂಡೆಗಳನ್ನೆಲ್ಲ ಒಂದು ಡಬ್ಬಿಗೆ ಹಾಕತೊಡಗಿದರು. ಎಷ್ಟೋ ಮನೆಗಳಲ್ಲಿ ಕೆಲಸ ಮಾಡಿದ್ದೇನೆ, ಅಷ್ಟು ಸಂಕಟ ನನಗೆ ಇನ್ನೆಲ್ಲೂ ಆಗಿಲ್ಲ.

ಅಷ್ಟರಲ್ಲಿ ಶಿವಶಂಕರಪ್ಪನವರು ಊಟಕ್ಕೆ ಬಂದರು. ಕಿಟಕಿ ನೋಡಿದರು, ನಮ್ಮ ವ್ಯಾನಿನೊಳಗೆ ಇಣುಕಿ ಬಂದರು.

“ಮಿಕ್ಕಿದ್ದು ಎಲ್ಲಮ್ಮ?”

“ನೀವು ಹೇಳಿದ್ದು ಇಷ್ಟೇ ಅಲ್ವಾ?” ಎಂದೆ, ಸ್ವಲ್ಪ ಗಡುಸಾಗಿಯೇ.

“ನಾನು ಮೂಡು ಅಂತ ಹೇಳ್ದೆ!”

“ಅದ್ನೇ ತಂದಿರೋದು.”

“ಎಲ್ಲಮ್ಮ ತಂದಿದ್ದೀಯ? ಒಕಟಿ! ರೆಂಡು ಯಾಡ, ಮೂಡು ಯಾಡ?” ಎಂದು ಒಂದೊಂದೇ ಬೆರಳು ಮಡಚಿ ಎಣಿಸಿ ನನ್ನ ಮುಖದ ಮುಂದೆ ಹಿಡಿದರು.

ಆಗ ನನ್ನ ತಲೆಗೆ ಹೊಳೆಯಿತು. ಈ ಮನುಷ್ಯ ಎದುರಿಗೆ ಕೂತರೆ ಕನ್ನಡ, ಫೋನು ಕಿವಿಗೆ ಇಟ್ಟರೆ ಅಥವಾ ಸಿಟ್ಟು ಬಂದರೆ ತೆಲುಗು. ನಮ್ಮ ಕಡೆಯ ವ್ಯಾಪಾರಿಗಳೆಲ್ಲ ಹಾಗೆಯೇ. ಅವರು ತೆಲುಗಿನಲ್ಲಿ ಮೂಡು ಎಂದಿದ್ದಾರೆ, ಅಂದರೆ ಮೂರು. ನಾನು ಮೂಡಲು, ಪಡುವಲು ಎಂದೆಲ್ಲ ತುಂಬಿಟ್ಟಿದ್ದ ಯಜಮಾನರ ಕಿವಿಗೆ ಅದು ಕನ್ನಡದ ಮೂಡಾಗಿ ಕೇಳಿಸಿದೆ. ಈ ಗಡಿಯಲ್ಲಿ ಹುಟ್ಟಿದವರಿಗೆ ಬಿಟ್ಟರೆ ಇನ್ನು ಯಾರಿಗೂ ಇಂಥ ತಪ್ಪು ಮಾಡುವ ಯೋಗ ಇಲ್ಲ.

ಶಿವಶಂಕರಪ್ಪನವರು ಅಲ್ಲೇ ಯಜಮಾನರಿಗೆ ಫೋನು ಹಚ್ಚಿ, ಎಲ್ಲರಿಗೂ ಕೇಳುವಂತೆ ಸ್ಪೀಕರು ಹಾಕಿದರು.

“ಏಮಯ್ಯಾ, ಮೂಡು ಅಂಟೆ ಮೂಡು!”

“ನಾನೂ ಅದನ್ನೇ ಹೇಳ್ತಿರೋದು ಸ್ವಾಮಿ, ಮೂಡು ಅಂದ್ರೆ ಮೂಡು!”

“ಮರಿ ಮೂಡು ಯಾಡ?”

“ಮೂಡು ಎಲ್ಲಿ ಅಂದ್ರೆ? ಹೊತ್ತು ಹುಟ್ಟೋ ಕಡೆ ಸ್ವಾಮಿ! ನೀವು ಮನೆ ಕಟ್ಟಿದ್ದೀರಿ, ನಿಮ್ಗೆ ಗೊತ್ತಿಲ್ವಾ?”

ಗಿರಿಜಮ್ಮ ಸೆರಗನ್ನು ಬಾಯಿಗೆ ಅಡ್ಡ ಹಿಡಿದರು. ಬ್ರಹ್ಮಯ್ಯಾಚಾರಿಗೆ ಎರಡೂ ಭಾಷೆ ಬರುವುದರಿಂದ ಇಬ್ಬರ ಮಾತಿಗೂ ನ್ಯಾಯವಾಗಿ ತಲೆಯಾಡಿಸುತ್ತಿದ್ದ. ಕೊನೆಗೆ ನಾನೇ ಫೋನು ಕಸಿದುಕೊಂಡು ಇಟ್ಟೆ.

ಶಿವಶಂಕರಪ್ಪನವರ ಕೋಪಕ್ಕೆ ಸರಿಯಾಗಿ ಪಡುವಲ ಬಿಸಿಲೂ ಒಳಗೆ ನುಗ್ಗಿತು. ಮೂಡಲ ಗಾಜಿನ ಆಚೆ ಆಗಲೇ ನೆರಳು. ಎಲ್ಲರೂ ಬೆವರುತ್ತಾ, ಬಿಸಿಲೇ ಇಲ್ಲದ ಕಡೆಗೆ ತಂದ ಬಾಗಿಲನ್ನು ನೋಡುತ್ತಾ ನಿಂತಿದ್ದೆವು. ನನಗೆ ಮಾತ್ರ ಒಳಗೊಳಗೇ ಸಮಾಧಾನ. ಆ ಮನುಷ್ಯನಲ್ಲಿ ಹಟವಿತ್ತು, ಕೇಡು ಇರಲಿಲ್ಲ.

ಆಗ ಬಾಗಿಲಿನ ಕಡೆ ನೋಡಿದೆ. ಹೊಟ್ಟೆ ಕಿಟಕಿಯ ಎರಡು ಮಗ್ಗುಲೂ ಒಂದಕ್ಕೊಂದು ಕನ್ನಡಿ ಹಿಡಿದ ಹಾಗೆ ಇರುತ್ತವೆ. ಮೂಡಲ ಬಾಗಿಲನ್ನು ತಲೆಕೆಳಗು ಮಾಡಿದರೆ ಅದರ ಬಲ ಎಡವಾಗುತ್ತದೆ, ಗಾಜಿನ ಕಡೆಯ ಬಿಳಿ ಮೈ ಗಾಜಿನ ಕಡೆಗೇ ಇರುತ್ತದೆ.

“ಆಚಾರಿ, ಅದನ್ನ ಉಲ್ಟಾ ಮಾಡಿ ಪಡುವಲಿಗೆ ಹಾಕು” ಎಂದೆ.

“ತಲಕಿಂದುಲಾನಾ ಅಕ್ಕಾ?” ಎಂದು ಅವನು ಜೀವನದಲ್ಲಿ ಮೊದಲ ಸಲ ಪ್ರಶ್ನೆ ಕೇಳಿದ.

ಹಾಕಿದ. ಮೂಲೆಯಲ್ಲಿ ಸ್ವಲ್ಪ ಉಜ್ಜಬೇಕಾಯಿತು, ಅಷ್ಟೆ. ಹಿಡಿ ಮಾತ್ರ ಕೆಳಗಿದ್ದದ್ದು ತಲೆ ಮಟ್ಟಕ್ಕೆ ಹೋಯಿತು. ಬಾಗಿಲು ಮುಚ್ಚಿ ಏಸಿ ಹಾಕಿದೆವು. ಸ್ವಲ್ಪ ಹೊತ್ತಿಗೆ ಮೈಮೇಲಿನ ಬೆವರು ಆರಿತು. ಮೂಡಲ ಗಾಜಿನಿಂದ ಬಿಸಿಲಿಲ್ಲದ ಬೆಳಕು ಮಿಷನ್ನಿನ ಮೇಲೆ ಬಿದ್ದಿತ್ತು. ಗಿರಿಜಮ್ಮ ಮೆಲ್ಲಗೆ ಬಂದು ಮುಸುಕು ತೆಗೆದು ಕೂತರು.

ಶಿವಶಂಕರಪ್ಪನವರು ಸೋಫಾದ ಮೇಲೆ ಕಾಲು ಚಾಚಿ, “ಚೆನ್ನಾಗೈತೆ ಕಣಮ್ಮ. ಸರಿ, ಮಿಕ್ಕಿದ್ದೆರಡೂ ಹಿಂಗೇ ಮುಚ್ಚುಸ್ಬುಡಿ. ಮಿಷನ್ನು ನಾಳೀಕೆ ಗೋಡೌನಿಗೆ ಹಾಕುಸ್ತೀನಿ” ಎಂದರು.

ನಾನು ಬಾಯಿ ತೆರೆದೆ. ಗಿರಿಜಮ್ಮ ನನಗಿಂತ ಮುಂಚೆ ಮಾತಾಡಿದರು. ದನಿ ಏರಿಸಲಿಲ್ಲ, ಹೊಲಿಯುವುದನ್ನೂ ನಿಲ್ಲಿಸಲಿಲ್ಲ.

“ನಾನು ಇಲ್ಲೇ ಕುಂತ್ಕೊಳಾದು. ನಿಮಗೆ ಗವಿಯಂಗೆ ಕತ್ಲು ಬೇಕಂದ್ರೆ ಗೋಡೌನಿನಾಗೆ ಮಂಚ ಹಾಕುಸ್ತೀನಿ. ಕಾಯಿ ಮೂಟೆ ಅವೆ, ಯಾರ ಕಾಟವೂ ಇರಾಕಿಲ್ಲ.”

ಬ್ರಹ್ಮಯ್ಯಾಚಾರಿ ಬೀಳದೆ ಇದ್ದ ಮೊಳೆಯನ್ನು ನೆಲದಲ್ಲಿ ಹುಡುಕತೊಡಗಿದ. ಶಿವಶಂಕರಪ್ಪನವರು ಚಾಚಿದ ಕಾಲು ಮಡಚಿದರು. ಹೆಂಡತಿಯನ್ನು ನೋಡಿದರು. ಗೋಡೌನಿನ ಬಾಗಿಲ ಕಡೆಗೂ ಒಂದು ಸಲ ನೋಡಿದರು, ಬಹುಶಃ ಮಂಚವನ್ನು ಮನಸ್ಸಿನಲ್ಲೇ ಹಾಕಿ ನೋಡಿರಬೇಕು. ಆಮೇಲೆ ನನ್ನ ಕಡೆ ತಿರುಗಿದರು.

“ಮೂಡ್ಲು ಅಂಗೇ ಇರ್ಲಿ. ರೋಡಿನ ಕಡೇದು ಎಂಗೆ ಮಾಡುಸ್ಬೇಕೋ ಅವ್ಳನ್ನೇ ಕೇಳಮ್ಮ” ಎಂದರು.

ಅಳತೆಗೆ ಹೋದ ಮನೆಗಳಲ್ಲೆಲ್ಲ ಗಂಡಸರು ಕಿಟಕಿ ಆರಿಸುತ್ತಿದ್ದರು, ಹೆಂಗಸರು ಅದರ ಪಕ್ಕದಲ್ಲಿ ಬಾಳುತ್ತಿದ್ದರು. ಹೀಗೊಂದು ಮಾತು ನನ್ನ ಕಿವಿಗೆ ಬಿದ್ದದ್ದು ಅದೇ ಮೊದಲು. ಕಣ್ಣು ಒದ್ದೆಯಾಯಿತು, ಹೇಳಿಕೊಳ್ಳಲು ನನಗೇನೂ ನಾಚಿಕೆಯಿಲ್ಲ. ಟೇಪು ಕೈಗೆತ್ತಿಕೊಂಡು, “ಹೇಳಮ್ಮ, ನಿನಗೆ ಎಂಗೆ ಬೇಕು?” ಎಂದೆ.

“ಕೆಳಗ್ಲರ್ಧ ಬೇರೆ, ಮೇಲ್ಗಡೇದು ಬೇರೆ. ಕೆಳಗ್ಲುದು ಮುಚ್ಕೊಂಡಿರ್ಲಿ, ರೋಡಿನ ಝಳ ಬರಬಾರ್ದು. ಮೇಲ್ಗಡೆ ತೆಕ್ಕಂಡಿರ್ಲಿ, ಬೆಳಕು ಬರ್ಬೇಕು. ಬಟ್ಟೆ ಕೊಡಾಕೆ ಬಂದೋರು ಬಡಿಯಾಕೆ ಒಂದು ಸಣ್ಣ ಕಿಂಡಿ, ನನ್ನ ಬಲಗೈ ಕಡೀಕೆ. ಹಿಡಿ ಕುಂತಿದ್ದಂಗೇ ಎಟುಕ್ಬೇಕು, ಈ ಆಚಾರಿ ಈಗ ತಲೆ ಮ್ಯಾಲೆ ಇಕ್ಕವ್ನೆ, ಅಂಗಲ್ಲ. ಮತ್ತೆ ಒಳಗ್ಡೆ ಬಣ್ಣ ಹಾಲಿನ ಬಿಳಿ ಬ್ಯಾಡ, ಮಜ್ಜಿಗೆ ಬಿಳಿ.”

ಅವರು ಮಾತು ಮುಗಿಸಿದಾಗ ನಾನಿನ್ನೂ ಟೇಪು ಬಿಚ್ಚಿರಲಿಲ್ಲ.